ಹದಿನಾರು ಕ್ಲಿಕ್

ಮೂರನೆಯ ಗುಂಡೂ ಮೊದಲೆರಡರ ಮಗ್ಗುಲಿಗೇ ಹೋಗಿ ಕೂತದ್ದನ್ನು ದುರ್ಬೀನಿನಲ್ಲಿ ಕಂಡಾಗ ಜಯತೀರ್ಥನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನೂರು ಗಜದಾಚೆಯ ಕಾಗದದ ಮೇಲೆ, ನಡುವಿನ ಕೆಂಪು ಚುಕ್ಕೆಗಿಂತ ಒಂದೂವರೆ ಇಂಚು ಮೇಲೆ, ಒಂದು ರೂಪಾಯಿ ಇಟ್ಟರೆ ಮುಚ್ಚಿಹೋಗುವಷ್ಟು ಹತ್ತಿರ ಹತ್ತಿರ ಮೂರು ತೂತು. ನೂರರಲ್ಲಿ ಅಷ್ಟು ಮೇಲಿದ್ದರೆ ಇನ್ನೂರು ಗಜ ಮುಟ್ಟುವ ಹೊತ್ತಿಗೆ ಗುಂಡು ಇಳಿದು ಸರಿಯಾಗಿ ನಡುವಿಗೆ ಬರುತ್ತದೆ. ಇದಕ್ಕೆ ಝೀರೋ ಮಾಡುವುದು ಅನ್ನುತ್ತಾರೆ: ಕಣ್ಣು ನೋಡಿದ ಜಾಗಕ್ಕೇ ಗುಂಡು ಹೋಗುವ ಹಾಗೆ ಸ್ಕೋಪನ್ನು, ಅಂದರೆ ರೈಫಲಿನ ಮೇಲೆ ಕೂರಿಸಿದ ಗುರಿಯ ದುರ್ಬೀನನ್ನು, ನಳಿಕೆಗೆ ಒಪ್ಪಿಸುವುದು. ಜಾರ್ಜ್‌ಟೌನಿನಾಚೆಯ ಈ ಶೂಟಿಂಗ್ ರೇಂಜಿಗೆ ಬೆಳಿಗ್ಗೆ ಒಂಬತ್ತಕ್ಕೇ ಬಂದು, ಬೆಂಚಿನ ಮೇಲೆ ಮರಳಿನ ಚೀಲ ಜೋಡಿಸಿ, ಅದರ ಮೇಲೆ ರೈಫಲ್ ಮಲಗಿಸಿ, ಮೂರು ಗುಂಡು ಹೊಡೆದು, ನಳಿಕೆ ತಣ್ಣಗಾಗಲು ಕಾಲು ಗಂಟೆ ಬಿಟ್ಟು, ಮತ್ತೆ ಮೂರು ಹೊಡೆದು, ಸ್ಕೋಪಿನ ಪಕ್ಕದ ಗುಂಡಿಯನ್ನು ಒಂದೊಂದೇ ಕ್ಲಿಕ್ ತಿರುಗಿಸುತ್ತ, ಈಗ ಹನ್ನೊಂದೂವರೆ. ಒಂದು ಕ್ಲಿಕ್ ಅಂದರೆ ನೂರು ಗಜದಲ್ಲಿ ಕಾಲು ಇಂಚು. ಆಸ್ಟಿನ್ನಿನ ಚಿಪ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಳತೆಯ ಉಪಕರಣಗಳನ್ನು ಸರಿಮಾಡುವುದೇ ಅವನ ಕೆಲಸವಾದ್ದರಿಂದ ಈ ಲೆಕ್ಕ ಅವನಿಗೆ ಉಸಿರಾಟದಷ್ಟು ಸಲೀಸು. ರೈಫಲ್ ಅವನದಲ್ಲ, ಮೂವತ್ತು ವರ್ಷದ ಗೆಳೆಯ ಡಾಕ್ಟರ್ ಚಂದ್ರಮೋಹನನದು. 'ಆಚಾರ್ರೇ, ಹೊಸ ಸ್ಕೋಪ್ ಹಾಕ್ಸಿದೀನಿ, ನಿಮ್ಮ ಕೈಗುಣ ಬೇಕು,' ಎಂದು ಹೋದ ವಾರ ಆಸ್ಟಿನ್ನಿಗೆ ಯಾವುದೋ ಡಾಕ್ಟರುಗಳ ಸಮ್ಮೇಳನಕ್ಕೆ ಬಂದವನು ಮನೆ ಬಾಗಿಲಲ್ಲೇ ನಿಂತು ಕೊಟ್ಟು ಹೋಗಿದ್ದ. ಒಳಗೆ ಬನ್ನಿ ಎಂದು ಜಯತೀರ್ಥನ ಹೆಂಡತಿ ಗೋದಾವರಿ ಕರೆದರೂ ಬರಲಿಲ್ಲ. ಕಾರಿನ ಕಿಟಕಿಯಿಂದ ಕೈ ಬೀಸಿ, ಆ ರಾಗದಲ್ಲಿ, ಎಲ್ಲರೂ ಈಗ ಅನ್ನುವ ಆ ಹಾಳು ರಾಗದಲ್ಲಿ, 'ತಪ್ಪಾತಪಾ, ತಪ್ಪಾತು!' ಅಂದು ನಕ್ಕು ಹೋದ.

ಅದು ಜಯತೀರ್ಥನದೇ ಮಾತು. ಹೋದ ವರ್ಷ ನವೆಂಬರಿನಲ್ಲಿ, ಲ್ಯಾನೋ ಊರಿನಾಚೆ ಚಂದ್ರಮೋಹನ ಬೇಟೆಗೆಂದು ಗುತ್ತಿಗೆ ಹಿಡಿದಿದ್ದ ಕುರುಚಲು ಜಮೀನಿನಲ್ಲಿ, ಒಂದು ಜಿಂಕೆಯ ಕತ್ತಿನ ಮೇಲೆ ಕೈಯಿಟ್ಟು ಅಂದ ಮಾತು. ಅಲ್ಲಿಯವರೆಗೆ ಅವನು ಕಾಗದ ಬಿಟ್ಟು ಬೇರೇನಕ್ಕೂ ಗುಂಡು ಹೊಡೆದವನಲ್ಲ. ಅವನಿಗೆ ಬೇಕಾಗಿದ್ದದ್ದು ನಿಖರತೆ, ಉಸಿರು ಅರ್ಧ ಬಿಟ್ಟು ನಿಲ್ಲಿಸಿದಾಗ ಲೋಕವೆಲ್ಲ ಒಂದು ಚುಕ್ಕೆಯಾಗುವ ಆ ಕ್ಷಣ. 'ಕಾಗದ ಕೊಂದು ಏನು ಸುಖ ಆಚಾರ್ರೇ? ಒಂದು ಸಲ ಬನ್ನಿ,' ಎಂದು ಕರೆದವನು ಚಂದ್ರಮೋಹನ. ತನ್ನ ಹಳೆಯ ರೈಫಲ್ ಕೈಗಿಟ್ಟು, 'ಝೀರೋ ಆಗಿದೆ, ಕಣ್ಮುಚ್ಕೊಂಡು ಹೊಡೀರಿ,' ಅಂದವನೂ ಅವನೇ. ಭುಜದ ಹಿಂದಕ್ಕೆ ಹಿಡಿದ ಗುರಿ ಹೊಟ್ಟೆಗೆ ಬಿತ್ತು. ಬೆನ್ನು ಗೂನು ಮಾಡಿಕೊಂಡು ಓಡಿದ ಪ್ರಾಣಿಯನ್ನು ನಾಲ್ಕು ತಾಸು ಹುಡುಕಿದರು. ಸಿಕ್ಕಾಗ ಅದಕ್ಕೆ ಇನ್ನೂ ಜೀವವಿತ್ತು, ತಲೆಯೆತ್ತಿ ಇವನನ್ನೇ ನೋಡಿತು. ಅವನು ಮೊಣಕಾಲೂರಿ ಕೂತು ಅತ್ತ. ಮೂವತ್ತು ವರ್ಷ ಇಂಗ್ಲಿಷಿನಲ್ಲೇ ದಿನ ಕಳೆದವನ ಬಾಯಿಂದ ಆ ಹೊತ್ತಿನಲ್ಲಿ ಧಾರವಾಡದ ಮಾತು ಹೊರಬಿತ್ತು: 'ತಪ್ಪಾತಪಾ, ತಪ್ಪಾತು.' ಹಿಂದೆ ನಿಂತಿದ್ದ ಚಂದ್ರಮೋಹನ ಆಗ ಬಾಯಿಬಿಡಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಎಬ್ಬಿಸಿದ. ಆ ಕೈಯ ಭಾರಕ್ಕೆ ಜಯತೀರ್ಥ ಎರಡು ತಿಂಗಳು ಋಣಿಯಾಗಿದ್ದ. ಆಮೇಲೆ ಸಂಕ್ರಾಂತಿ ಬಂತು. ಡಲ್ಲಾಸಿನ ಪಕ್ಕದ ಕಾಪೆಲ್‌ನಲ್ಲಿ ಕನ್ನಡಿಗರು ಬಾಡಿಗೆಗೆ ಹಿಡಿದ ಸಭಾಂಗಣ, ಎಳ್ಳುಬೆಲ್ಲದ ಪೊಟ್ಟಣ ಕೈಯಲ್ಲಿಟ್ಟುಕೊಂಡ ನಾನೂರು ಜನ. ಮೂರನೆಯ ಸಾಲಿನಲ್ಲಿ ಗೋದಾವರಿಯ ಪಕ್ಕ ಕೂತಿದ್ದವನ ಎದುರು, ವೇದಿಕೆಯ ಮೇಲೆ, ಕಚ್ಚೆಪಂಚೆ ಉಟ್ಟು ಹಣೆಗೆ ಅಂಗಾರ ಅಕ್ಷತೆ ಇಟ್ಟು ಕೋಲನ್ನು ಬಂದೂಕಿನ ಹಾಗೆ ಹಿಡಿದ ಚಂದ್ರಮೋಹನ ಬಂದ. ಜಿಂಕೆಯಾಗಿ ಯಾರೋ ಬಿದ್ದಿದ್ದರು. 'ತಪ್ಪಾತಪಾ, ತಪ್ಪಾತು!' ಎಂದು ಮೂಗು ಸುರಿಸಿ ಅತ್ತ. ನಾನೂರು ಜನ ಬಿದ್ದು ಬಿದ್ದು ನಕ್ಕರು. ಯಾರು ಯಾರು ನಕ್ಕರೆಂಬುದು ಜಯತೀರ್ಥನಿಗೆ ಈಗಲೂ ಸಾಲು ಸಾಲಾಗಿ ಕಣ್ಣಿಗೆ ಕಟ್ಟುತ್ತದೆ. ಚಂದ್ರಮೋಹನನ ಹೆಂಡತಿ ಲೀಲಾವತಿ, ಎಂದೂ ಗಟ್ಟಿಯಾಗಿ ಮಾತಾಡದವಳು, ಸೆರಗು ಬಾಯಿಗೊತ್ತಿಕೊಂಡು ನಕ್ಕದ್ದು ಕೂಡ. ಹೆಚ್ಚು ಉರಿಯುವುದು ಇನ್ನೊಂದಕ್ಕೆ: ತಾನೂ ನಕ್ಕಿದ್ದ. ನಕ್ಕು, ಚಪ್ಪಾಳೆ ತಟ್ಟಿ, ಕರೆದಾಗ ಎದ್ದು ವೇದಿಕೆ ಹತ್ತಿ, ಅವನ ಹೆಗಲ ಮೇಲೆ ಕೈಹಾಕಿ ಫೋಟೋಕ್ಕೆ ನಿಂತಿದ್ದ. ಆ ವಿಡಿಯೊ ಎಷ್ಟು ವಾಟ್ಸ್ಯಾಪ್ ಗುಂಪು ಸುತ್ತಿತೋ. ಮಾರ್ಚಿನಲ್ಲಿ ಆಸ್ಟಿನ್ನಿನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ, ಮುಖ ಪರಿಚಯವೂ ಇಲ್ಲದ ಒಬ್ಬ ಪಕ್ಕ ಬಂದು, 'ಸರ್, ನೀವು ತಪ್ಪಾತಪಾ ಅಲ್ವಾ?' ಎಂದು ಕೈಕುಲುಕಿದ.

ಅಷ್ಟಾದರೂ ಅವನು ಅದನ್ನು ನುಂಗಿಕೊಳ್ಳುತ್ತಿದ್ದನೇನೋ. ತಪ್ಪು ನನ್ನದು, ಹೊಟ್ಟೆಗೆ ಹೊಡೆದವನು ನಾನು, ನಗಿಸಿಕೊಂಡದ್ದು ಸಣ್ಣ ದಂಡ ಎಂದು ಮನಸ್ಸಿಗೆ ಹೇಳಿಕೊಳ್ಳುವುದು ಹೆಚ್ಚುಕಡಿಮೆ ರೂಢಿಯಾಗಿತ್ತು. ಆಗಸ್ಟಿನಲ್ಲಿ ಹ್ಯೂಸ್ಟನ್ನಿನಲ್ಲಿ ಅವಿನಾಶನ ಮನೆಯ ಗೃಹಪ್ರವೇಶ. ಬೇಟೆಗೆ ಅವರ ಜೊತೆ ಬಂದಿದ್ದ ಮೂರನೆಯವನು ಈ ಅವಿನಾಶ್, ಮೂವತ್ತೈದರ ಎಂಜಿನಿಯರು, ಒಳಗಿನದನ್ನೆಲ್ಲ ಹೊರಗೆ ಚೆಲ್ಲಿಬಿಡುವ ಸ್ವಭಾವ. ಹೊಸ ಬಣ್ಣದ ವಾಸನೆಯ ಗ್ಯಾರೇಜಿನಲ್ಲಿ ಕಾಗದದ ತಟ್ಟೆಯಲ್ಲಿ ಬಿಸಿಬೇಳೆಭಾತ್ ತಿನ್ನುತ್ತ, 'ಈ ವರ್ಷ ಬರ್ತೀರಾ ಸರ್?' ಅಂದ. ಜಯತೀರ್ಥ, 'ಬ್ಯಾಡಪಾ, ನನ್ನ ಗುರಿ ಹೆಂಗದ ಅಂತ ಲೋಕಕ್ಕೆಲ್ಲ ಗೊತ್ತಾಗೇದ,' ಅಂದ. ಅವಿನಾಶ್ ತಟ್ಟೆಯಿಂದ ತಲೆಯೆತ್ತದೆ ಅಂದ: 'ನಿಮ್ಮ ಗುರಿ ತಪ್ಪಲ್ಲ ಸರ್ ಅದು. ಹಿಂದಿನ ದಿನ ಆ ರೈಫಲ್ ಟ್ರಕ್ ಮೇಲಿಂದ ಕಲ್ಲಿನ ಮೇಲೆ ಬಿತ್ತಲ್ಲ. ನಾನೇ ಎತ್ತಿಕೊಟ್ಟೆ. ಡಾಕ್ಟ್ರೇ ಸ್ಕೋಪ್ ಚೆಕ್ ಮಾಡಿ ಅಂದೆ. ಕೊಡೋದು ಆಚಾರ್ರಿಗೆ ತಾನೇ, ಅವರೆಲ್ಲಿ ಹೊಡೀತಾರೆ, ಸುಮ್ನೆ ನೋಡ್ತಾ ಕೂತಿರ್ತಾರೆ ಅಂದ್ರು. ನಿಮಗೆ ಹೇಳಿರ್ಲಿಲ್ವಾ?' ಅಂದವನು ಇನ್ನಷ್ಟು ಖಾರಾಬೂಂದಿ ತರಲು ಒಳಗೆ ಹೋದ. ಜಯತೀರ್ಥ ಹ್ಯೂಸ್ಟನ್ನಿನಿಂದ ಜಾರ್ಜ್‌ಟೌನಿನವರೆಗೆ ಮೂರು ಗಂಟೆ ಕಾರು ನಡೆಸಿಕೊಂಡು ಬಂದ. ದಾರಿಯುದ್ದಕ್ಕೂ ಗೋದಾವರಿ ಅವಿನಾಶನ ಅಡುಗೆಮನೆಯ ಕಲ್ಲಿನ ಬಣ್ಣದ ಬಗ್ಗೆ ಮಾತಾಡಿದಳು. ಒಂದು ಕಡೆ ಮಾತ್ರ ಆ ಮಾತು ನಿಲ್ಲಿಸಿ, 'ಯಾಕ್ರೀ, ಸ್ಟೀರಿಂಗ್ ಅಷ್ಟು ಬಿಗಿ ಹಿಡದೀರಿ?' ಅಂದಳು.

ಈಗ ಬೆಂಚಿನ ಮೇಲೆ ರೈಫಲ್ ಸಿದ್ಧವಾಗಿ ಮಲಗಿದೆ, ಇಷ್ಟು ಚೆನ್ನಾಗಿ ಝೀರೋ ಆದ ರೈಫಲನ್ನು ಅವನು ಕಂಡಿರಲಿಲ್ಲ. ಪಕ್ಕದ ಬೆಂಚಿನ ಮುದುಕ ಕಿವಿಗೆ ಹಾಕಿದ ಮುಚ್ಚಳ ತೆಗೆದು ಇವನ ಕಾಗದದ ಕಡೆ ಬೆರಳು ತೋರಿಸಿ ಹೆಬ್ಬೆರಳೆತ್ತಿದ. ಮೆಚ್ಚುಗೆ ಗಂಟಲಿನಲ್ಲಿ ಕಹಿಯಾಗಿ ಇಳಿಯಿತು. ಇಷ್ಟು ಚೆಂದಕ್ಕೆ ಮಾಡಿಕೊಟ್ಟರೆ ಅವನು ಒಂದೇ ಗುಂಡಿಗೆ ಹೊಡೆದು, ಕೊಂಬು ಹಿಡಿದು ಫೋಟೋ ತೆಗೆಸಿಕೊಂಡು, 'ಆಚಾರ್ರ ಕೈಗುಣ' ಎಂದು ಗುಂಪಿಗೆ ಹಾಕುತ್ತಾನೆ. ಅದರ ಕೆಳಗೆ ಮೂವತ್ತು ಜನ 'ತಪ್ಪಾತಪಾ' ಎಂದು ಬರೆಯುತ್ತಾರೆ. ಅವನು ಗುಂಡಿಯ ಮುಚ್ಚಳ ಬಿಚ್ಚಿದ. ಮೇಲಿನ ಗುಂಡಿ ಗುಂಡನ್ನು ಮೇಲೆ ಕೆಳಗೆ ಮಾಡುತ್ತದೆ, ಪಕ್ಕದ್ದು ಎಡಕ್ಕೆ ಬಲಕ್ಕೆ. ಮೇಲಿನದನ್ನು ಇಪ್ಪತ್ತೈದು ಮೂವತ್ತು ಕ್ಲಿಕ್ ಏರಿಸಿಬಿಟ್ಟರೆ ಗುಂಡು ಜಿಂಕೆಯ ಬೆನ್ನಿನ ಮೇಲೆ ಗಾಳಿಯಲ್ಲಿ ಹಾರಿಹೋಗುತ್ತದೆ. ಪ್ರಾಣಿ ಬದುಕುತ್ತದೆ, ಚಂದ್ರಮೋಹನನ ಗುರಿ ತಪ್ಪುತ್ತದೆ, ಅಷ್ಟೆ. ಅವನ ಬೆರಳು ಮೇಲಿನ ಗುಂಡಿಯ ಮೇಲೆ ಒಂದು ಗಳಿಗೆ ನಿಂತಿತು. ಆದರೆ ಗುರಿ ತಪ್ಪಿದ್ದು ಯಾರಿಗೆ ಕಥೆ? ತಪ್ಪಿತು ಅಂದು ನಕ್ಕು ಮತ್ತೊಂದು ಗುಂಡು ತುಂಬುತ್ತಾನೆ. ತಾನು ಕೂತಲ್ಲಿ ಅವನೂ ಕೂರಬೇಕು, ಮುಳ್ಳುಕಳ್ಳಿಯ ನಡುವೆ, ಮೊಣಕಾಲೂರಿ, ಆ ಕಣ್ಣಿನ ಎದುರಿಗೆ. ಬೆರಳು ಪಕ್ಕಕ್ಕೆ ಇಳಿಯಿತು. ಹದಿನಾರು ಕ್ಲಿಕ್, ಬಲಕ್ಕೆ. ನೂರು ಗಜದಲ್ಲಿ ನಾಲ್ಕು ಇಂಚು, ಇನ್ನೂರರಲ್ಲಿ ಎಂಟು. ಜಿಂಕೆ ಎಡಕ್ಕೆ ಮುಖ ಮಾಡಿ ನಿಂತಿದ್ದರೆ, ಹೃದಯದಿಂದ ಎಂಟು ಇಂಚು ಹಿಂದೆ ಏನಿರುತ್ತದೆಂದು ಅವನಿಗೆ ಗೊತ್ತು. ಬಲಕ್ಕೆ ನಿಂತಿದ್ದರೆ? ಅದು ದೇವರಿಗೆ ಬಿಟ್ಟದ್ದು ಎಂದು ತನಗೇ ಹೇಳಿಕೊಂಡು, ಇಂಥ ಕೆಲಸಕ್ಕೆ ದೇವರನ್ನು ಪಾಲಿಗೆ ಕರೆದದ್ದಕ್ಕೆ ಒಳಗೇ ಹೇಸಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ಮೂರು ತೂತಿನ ಕಾಗದವನ್ನು ರೈಫಲಿನ ಪೆಟ್ಟಿಗೆಯಲ್ಲಿಟ್ಟ. ಅದರ ಮೂಲೆಯಲ್ಲಿ ತಾರೀಖು, ಗಜ, ತನ್ನ ಸಹಿ. ಸುಳ್ಳು ಅಂತ ಅದರ ಮೇಲೆ ಏನೂ ಇರಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಗೋದಾವರಿ, 'ನೀವು ತಿನ್ನಾಂಗಿಲ್ಲ, ಮುಟ್ಟಾಂಗಿಲ್ಲ, ಮತ್ತ ಯಾಕ ಹೋಗ್ತೀರಿ ಬೇಟೆಗೆ? ಹೋದ ಸಲ ಆದದ್ದು ಸಾಕಾಗಿಲ್ಲೇನು?' ಅಂದಳು. 'ಚಂದ್ರಮೋಹನ ಕರದಾನ,' ಅಂದ. 'ಅವ ಕರದ್ರ ಹೋಗೂದೇನು?' ಸಾರು ಬಡಿಸುತ್ತ ಅವನ ಮುಖವನ್ನೇ ನೋಡಿದಳು. ಅವಳಿಗೆ ಹೇಳಿಬಿಡೋಣವೆನ್ನಿಸಿತು. ಹೇಳಿದರೆ ಅವಳು ಫೋನೆತ್ತಿ ಲೀಲಾವತಿಗೆ ಹೇಳುತ್ತಾಳೆ, ಎರಡೇ ನಿಮಿಷದ ಕೆಲಸ. ಅನ್ನ ಕಲಸುತ್ತ, 'ಉಪ್ಪು ಕಮ್ಮಿ ಅದ,' ಅಂದ.

ನವೆಂಬರಿನ ಮೊದಲ ಶನಿವಾರ ಋತು ಶುರು. ಹಿಂದಿನ ಸಂಜೆ ಲ್ಯಾನೋದ ಜಮೀನು ಸೇರಿದಾಗ ಚಂದ್ರಮೋಹನನ ಟ್ರಕ್ಕಿನಿಂದ ಲೀಲಾವತಿಯೂ ಇಳಿದಳು. ಹ್ಯೂಸ್ಟನ್ನಿನಿಂದ ಅವಿನಾಶ್ ಬರಲಿಲ್ಲ, ಮಗುವಿಗೆ ಜ್ವರವಂತೆ. 'ಅವನ ಜಾಗಕ್ಕೆ ಇವಳನ್ನ ಕರ್ಕೊಂಡು ಬಂದೆ. ಮೈಸೂರಲ್ಲಿ ಕಾಲೇಜಲ್ಲಿದ್ದಾಗ ಎನ್‌ಸಿಸಿಲಿ ರೈಫಲ್ ಶೂಟಿಂಗು, ಮೆಡಲ್ ಬೇರೆ! ಮದುವೆ ಆಗಿ ಇಪ್ಪತ್ತಾರು ವರ್ಷಕ್ಕೆ ನನಗೆ ಹೇಳ್ತಾಳೆ ನೋಡಿ,' ಎಂದು ಚಂದ್ರಮೋಹನ ಅವಳ ಬೆನ್ನು ತಟ್ಟಿದ. ಲೀಲಾವತಿ ಡಲ್ಲಾಸಿನ ಒಂದು ಲ್ಯಾಬಿನಲ್ಲಿ ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ಡಾಕ್ಟರು. ಫ್ರಿಸ್ಕೋದ ಅವರ ದೊಡ್ಡ ಮನೆಯಲ್ಲಿ ನಡೆಯುವ ಎಲ್ಲ ಪಾರ್ಟಿಗಳಲ್ಲೂ ಅಡುಗೆಮನೆಯ ಹತ್ತಿರವೇ ನಿಂತಿರುತ್ತಿದ್ದವಳು ಇಲ್ಲಿ ಜೀನ್ಸ್ ತೊಟ್ಟು, ಕಿತ್ತಳೆ ಬಣ್ಣದ ಬೇಟೆಯ ಜಾಕೆಟ್ಟಿನಲ್ಲಿ ಯಾರೋ ಬೇರೆಯವಳ ಹಾಗೆ ಕಂಡಳು. 'ಮೆಡಲ್ ಕಂಚಿಂದು,' ಅಂದಳು ಜಯತೀರ್ಥನಿಗೆ. 'ಆಗಿನ ಖುಷಿ ಆಮೇಲೆ ಯಾವುದರಲ್ಲೂ ಸಿಗ್ಲಿಲ್ಲ. ನಿಮಗೆ ಗೊತ್ತಿರುತ್ತೆ, ಉಸಿರು ನಿಂತಾಗ...' ಎಂದು ಮಾತು ಅಲ್ಲೇ ಬಿಟ್ಟಳು. ಅವನಿಗೆ ಗೊತ್ತಿತ್ತು. ತನ್ನ ಹೆಂಡತಿಗೂ ವಿವರಿಸಲಾಗದ್ದನ್ನು ಇವಳು ಅರ್ಧ ವಾಕ್ಯದಲ್ಲಿ ಹೇಳಿದ್ದಳು. ಸೆರಗು ಬಾಯಿಗೊತ್ತಿಕೊಂಡು ನಕ್ಕವಳು ಇವಳೇ ಎಂದು ಬೇಕೆಂದೇ ನೆನಪು ಮಾಡಿಕೊಂಡ.

ಮರುದಿನ ಬೆಳಿಗ್ಗೆ ಮೂವರೂ ಒಂದೇ ಗೂಡಿನಲ್ಲಿ ಕೂತರು. ನಾಲ್ಕು ಕಂಬದ ಮೇಲೆ ನಿಲ್ಲಿಸಿದ ಮರದ ಪೆಟ್ಟಿಗೆ, ಮೂರು ಪ್ಲಾಸ್ಟಿಕ್ ಕುರ್ಚಿ, ಉದ್ದಕ್ಕೆ ಸೀಳಿದ ಒಂದು ಕಿಟಕಿ. ಎದುರಿಗೆ ಇನ್ನೂರು ಗಜದಲ್ಲಿ ಜಿಂಕೆಗಳನ್ನು ಸೆಳೆಯಲು ಜೋಳ ಉದುರಿಸುವ ಡಬ್ಬ, ಸುತ್ತ ಸೀಡರ್ ಗಿಡ. ಬಿಸಿಲು ಏರುವ ಹೊತ್ತಿಗೆ ಗಂಡು ಜಿಂಕೆಯೊಂದು ಗಿಡದ ನಡುವಿಂದ ಹೊರಗೆ ಬಂತು. ಕೊಂಬು ಅಂಥ ದೊಡ್ಡದಲ್ಲ. ಜಯತೀರ್ಥ ತಂದುಕೊಟ್ಟಿದ್ದ ರೈಫಲನ್ನು ಚಂದ್ರಮೋಹನ ಕೈಗೆತ್ತಿಕೊಂಡ. ಜಯತೀರ್ಥನ ಎದೆ ಬಡಿತ ಕಿವಿಗೆ ಕೇಳಿಸುತ್ತಿತ್ತು. ಅದು ಭಯವಲ್ಲ, ವೇದಿಕೆಯ ಪರದೆ ಏಳುವಾಗಿನ ಆತುರ. ಆಗ ಚಂದ್ರಮೋಹನ ರೈಫಲನ್ನು ಹೆಂಡತಿಯ ಕಡೆಗೆ ಚಾಚಿದ. 'ಮೊದಲನೇದು ನಿಂದು.' 'ಬೇಡ, ನೀವೇ ಹೊಡೀರಿ,' ಅವಳು ಪಿಸುಗುಟ್ಟಿದಳು. 'ತಗೋ ಲೀಲಾ. ಆಚಾರ್ರು ಝೀರೋ ಮಾಡಿರೋದು, ಅದರಷ್ಟಕ್ಕೆ ಅದೇ ಹೋಗಿ ಹೊಡೆಯತ್ತೆ.' ಅವಳು ತೆಗೆದುಕೊಂಡಳು.

ಜಯತೀರ್ಥನ ಕೈಯಲ್ಲಿ ಆಗ ಎಷ್ಟು ಹೊತ್ತಿತ್ತು? ಒಂದೂವರೆ ನಿಮಿಷ ಇರಬಹುದು. ಅಷ್ಟರಲ್ಲಿ ಹೇಳಬಹುದಾದ ಮಾತುಗಳೆಲ್ಲ ಸಾಲಾಗಿ ಬಂದು ನಾಲಗೆಯ ಹಿಂದೆ ನಿಂತವು. ತಡೀರಿ. ಕೊಡ್ರಿ ಇಲ್ಲಿ. ನನಗ್ಯಾಕೋ ಅದರ ಮ್ಯಾಲೆ ಅನುಮಾನ ಅದ. ಯಾವುದನ್ನು ಹೇಳಿದರೂ ಚಂದ್ರಮೋಹನ ತಿರುಗಿ ನೋಡುತ್ತಾನೆ, ಯಾಕೆ ಎಂದು ಕೇಳುತ್ತಾನೆ, ಕೇಳುತ್ತ ಕೇಳುತ್ತ ನಗುತ್ತಾನೆ. ಅವಳು ಮೊಣಕೈಯನ್ನು ಕಿಟಕಿಗೆ ಊರಿದ ರೀತಿ ನೋಡಿಯೇ ಗೊತ್ತಾಯಿತು, ಕಲಿತ ಕೈ, ಮೂವತ್ತು ವರ್ಷವಾದರೂ ಮರೆಯದ ಕೈ. ಈ ಕೈಗೆ ಗುರಿ ತಪ್ಪುವುದಿಲ್ಲ. ತಪ್ಪದೆ, ಸರಿಯಾಗಿ, ತಾನು ಇಟ್ಟ ಜಾಗಕ್ಕೇ ಹೋಗುತ್ತದೆ. ಇವಳೂ ನಕ್ಕವಳೇ ಅಲ್ಲವೇ ಎಂದು ಒಳಗಿನಿಂದ ಏನೋ ಒಂದು ಹಲ್ಲು ಕಿರಿಯಿತು, ಆ ಅರೆಗಳಿಗೆಯಲ್ಲಿ ಅವನಿಗೆ ನಿಜವಾಗಿ ಖುಷಿಯಾಯಿತು. ಆ ಖುಷಿಯೇ ಅವನನ್ನು ಹೆದರಿಸಿತು. ಜಿಂಕೆ ತಿರುಗಿತು. ಎಡಕ್ಕೆ. 'ಲೀಲಾ ಅವರ,' ಅಂದ, 'ಸ್ವಲ್ಪ ಎಡಕ್ಕ ಹಿಡೀರಿ. ಗಾಳಿ ಅದ.' ಅವಳು ಸ್ಕೋಪಿನಿಂದ ಕಣ್ಣು ತೆಗೆಯದೆಯೇ, 'ಗಾಳಿನಾ? ಒಂದು ಹುಲ್ಲು ಅಲ್ಲಾಡ್ತಿಲ್ವಲ್ಲ,' ಅಂದಳು. 'ಅದ ಅನಸ್ತು,' ಅಂದ. ಚಂದ್ರಮೋಹನ, 'ಶ್! ಆಚಾರ್ರೇ!' ಅಂದ. ಅವಳ ಉಸಿರು ಅರ್ಧ ಹೊರಬಂದು ನಿಂತದ್ದನ್ನು ಜಯತೀರ್ಥ ತನ್ನ ಉಸಿರಿನಲ್ಲೇ ಕೇಳಿದ. ಕಣ್ಣು ಮುಚ್ಚಿಕೊಂಡ. ಗುಂಡಿನ ಸದ್ದು ಮರದ ಪೆಟ್ಟಿಗೆಯೊಳಗೆ ತುಂಬಿತು.

ಬೆನ್ನು ಗೂನು ಮಾಡಿಕೊಂಡು ಅದು ಓಡಿತು. ಚಂದ್ರಮೋಹನ 'ಬಿತ್ತು ಬಿತ್ತು' ಎಂದು ಕುಣಿದ. ಲೀಲಾವತಿ ಮಾತ್ರ, 'ಇಲ್ಲ,' ಅಂದಳು, 'ತಪ್ಪಾಗಿ ಬಿತ್ತು.' ಇಳಿದು ಹುಡುಕಿದರು. ಡಬ್ಬದ ಹತ್ತಿರ ಹುಲ್ಲಿನ ಮೇಲೆ ಸಿಕ್ಕದ್ದು ಕೆಂಪಲ್ಲ, ಹಸಿರು ಬೆರೆತ ಕಂದು. ಅದನ್ನು ಬಗ್ಗಿ ನೋಡಿದವಳ ಮುಖ ಬಿಳಿಚಿಕೊಂಡಿತು. ದಿನಾ ಮೈಯ ಚೂರುಗಳನ್ನೇ ನೋಡುವವಳಿಗೆ ಅದು ಹೊಟ್ಟೆಯೊಳಗಿನದೆಂದು ಹೇಳಬೇಕಾಗಿರಲಿಲ್ಲ. ಎರಡೂವರೆ ತಾಸು. ಕಳ್ಳಿಯ ಮುಳ್ಳು ಜಯತೀರ್ಥನ ಪ್ಯಾಂಟು ದಾಟಿ ಮೊಣಕಾಲಿಗೆ ಇಳಿಯಿತು, ಅವನು ಕಿತ್ತು ಹಾಕಲಿಲ್ಲ, ನೋವು ಬೇಕೆನ್ನಿಸಿತು. ಹಳ್ಳದ ಪಕ್ಕ ಕಲ್ಲುಬಂಡೆಯ ನೆರಳಿನಲ್ಲಿ ಅದು ಮಲಗಿತ್ತು, ಹೊಟ್ಟೆ ಏರಿ ಇಳಿಯುತ್ತಿತ್ತು. 'ನಾನು ಮುಗಿಸ್ತೀನಿ, ನೀನು ಆಕಡೆ ನೋಡು,' ಎಂದು ಚಂದ್ರಮೋಹನ ರೈಫಲಿಗೆ ಕೈಚಾಚಿದ. 'ನಾನೇ ಶುರು ಮಾಡಿದ್ದು,' ಅಂದು ಅವಳು ಕೊಡಲಿಲ್ಲ. ಹತ್ತು ಹೆಜ್ಜೆಯಿಂದ ಹೊಡೆದಳು. ಅಷ್ಟು ಹತ್ತಿರದಲ್ಲಿ ಹದಿನಾರು ಕ್ಲಿಕ್ಕಿಗೆ ಬೆಲೆಯಿಲ್ಲ, ಗುಂಡು ಹೇಳಿದಲ್ಲಿಗೇ ಹೋಯಿತು. ಅವಳು ಅಳಲಿಲ್ಲ. ರೈಫಲಿನ ಗುಂಡು ತುಂಬುವ ಬೋಲ್ಟ್ ತೆರೆದು, ಖಾಲಿಯಾಗಿದೆಯೇ ಎಂದು ಬೆರಳು ಹಾಕಿ ನೋಡಿ, ಕಲ್ಲಿಗೆ ಒರಗಿಸಿ, ಹಳ್ಳಕ್ಕೆ ಇಳಿದು ತುಂಬಾ ಹೊತ್ತು ಕೈ ತೊಳೆದುಕೊಂಡಳು. ಚಂದ್ರಮೋಹನ ಹಿಂದಿನಿಂದ, 'ಮೊದಲನೇ ಸಲ ಹಂಗೇ ಆಗೋದು ಬಿಡೆ. ಆಚಾರ್ರಿಗೂ ಆಗಿರ್ಲಿಲ್ವಾ?' ಅಂದ. ಅದರಲ್ಲಿ ಕುಹಕವಿರಲಿಲ್ಲ. ಹೆಂಡತಿಯ ಮನಸ್ಸು ಹಗುರ ಮಾಡಲು ಅವನಿಗೆ ಬೇರೆ ಮಾತು ತೋಚಿರಲಿಲ್ಲ, ಅಷ್ಟೆ. ಜಯತೀರ್ಥ ಅವನ ಮುಖದಲ್ಲಿ ತಾನು ಒಂದು ವರ್ಷದಿಂದ ದ್ವೇಷಿಸಿದ ಮನುಷ್ಯನನ್ನು ಹುಡುಕಿದ. ಬೆವರಿದ, ಬೊಜ್ಜಿನ, ಹೆಂಡತಿಯ ಜಾಕೆಟ್ಟು ಹಿಡಿದು ನಿಂತ, ಐವತ್ತೆಂಟು ವರ್ಷದ ಒಬ್ಬ ಮೈಸೂರಿನವನು ಕಂಡ.

ಮಧ್ಯಾಹ್ನ ಜಿಂಕೆಯನ್ನು ಟ್ರಕ್ಕಿಗೆ ಹಾಕಿಕೊಂಡು ಚಂದ್ರಮೋಹನ ಲ್ಯಾನೋ ಊರಿಗೆ ಹೋದ, ಅಲ್ಲಿ ಬೇಟೆಯ ಮಾಂಸ ಕತ್ತರಿಸಿ ಕೊಡುವ ಅಂಗಡಿಯಿದೆ. ಉಳಿದುಕೊಳ್ಳುವ ತಗಡಿನ ಮನೆಯ ಮೆಟ್ಟಿಲ ಮೇಲೆ ಕೂತು ಜಯತೀರ್ಥ ಚಿಮಟದಿಂದ ಮುಳ್ಳು ಕೀಳುತ್ತಿದ್ದಾಗ ಗುಂಡಿನ ಸದ್ದು ಕೇಳಿಸಿತು. ಸ್ವಲ್ಪ ಬಿಟ್ಟು ಇನ್ನೊಂದು. ಇನ್ನೊಂದು. ಎದ್ದು ಹಿಂದಕ್ಕೆ ಓಡಿದ. ಲೀಲಾವತಿ ಜಯತೀರ್ಥನ ಕಾರಿನ ಮುಂದಿನ ಮುಚ್ಚಳದ ಮೇಲೆ ಸುತ್ತಿದ ಜಾಕೆಟ್ಟಿಟ್ಟು, ಅದರ ಮೇಲೆ ರೈಫಲಿಟ್ಟು, ನೂರು ಹೆಜ್ಜೆಯಾಚೆ ರಟ್ಟಿನ ಪೆಟ್ಟಿಗೆಗೆ ಅಂಟಿಸಿದ ಕಾಗದಕ್ಕೆ ಹೊಡೆದಿದ್ದಳು. ಅವನನ್ನು ಕಂಡು ಬೋಲ್ಟ್ ತೆರೆದಿಟ್ಟು ಕಾಗದದ ಕಡೆ ನಡೆದಳು. ಅವನು ಹಿಂದೆ ಹೋದ. ನಡುವಿನ ಚುಕ್ಕೆಯಿಂದ ನಾಲ್ಕು ಇಂಚು ಬಲಕ್ಕೆ, ಮೂರು ತೂತು, ಒಂದರ ಅಂಚು ಇನ್ನೊಂದಕ್ಕೆ ತಾಗಿಕೊಂಡು. 'ಸ್ಕೋಪ್ ಸಡಿಲ ಆಗಿದ್ರೆ,' ಅವಳು ನಿಧಾನವಾಗಿ ಅಂದಳು, 'ಚೆದುರಿ ಬೀಳ್ತಿತ್ತು. ಒಂದು ಇಲ್ಲಿ, ಒಂದು ಅಲ್ಲಿ. ಏಟು ಬಿದ್ದಿದ್ರೆ ಮೇಲೆ ಕೆಳಗೂ ಹೋಗಿರ್ತಿತ್ತು. ಮೇಲೆ ಕೆಳಗೆ ಎಲ್ಲ, ರೈಫಲ್ ಪೆಟ್ಟಿಗೇಲಿ ನೀವಿಟ್ಟ ಕಾಗದದಲ್ಲಿ ಇದ್ದಷ್ಟೇ ಇದೆ. ಬಲಕ್ಕೆ ಮಾತ್ರ.' ಅವನು ಕಾಗದವನ್ನೇ ನೋಡುತ್ತಿದ್ದ. 'ಎಡಕ್ಕೆ ಹಿಡೀರಿ, ಗಾಳಿ ಇದೆ ಅಂದ್ರಲ್ಲ,' ಅಂದಳು. ಆಮೇಲೆ, ಲ್ಯಾಬಿನಲ್ಲಿ ಯಾರನ್ನೋ ಒಂದು ವರದಿ ಕೇಳುವ ಹಾಗೆ: 'ಎಷ್ಟು ಕ್ಲಿಕ್?'

'ಹದಿನಾರು.'

ಅವಳು ಕಾಗದ ಕಿತ್ತು ನಾಲ್ಕು ಮಡಿಕೆ ಮಾಡಿದಳು. 'ನನಗಾ?' 'ಅಲ್ರೀ. ಅಲ್ಲ. ಅವನಿಗೆ.' ಹಾಗೆ ಅಂದಮೇಲೆ ಉಳಿದದ್ದೆಲ್ಲ ಬಂತು. ಟ್ರಕ್ಕಿನಿಂದ ಬಿದ್ದ ಹಳೆಯ ರೈಫಲ್, ಅವಿನಾಶ್ ಹೇಳಿದ ಮಾತು, ಕಾಪೆಲ್‌ನ ವೇದಿಕೆ, ಕರಿಬೇವಿನ ಅಂಗಡಿ. ಮುಗಿಸಿದಾಗ, 'ಅವತ್ತು ನಾನೂ ನಕ್ಕೆ,' ಅಂದಳು. 'ಮನೆಗೆ ಹೋಗಿ ನಾಚಿಕೆ ಆಯ್ತು, ಫೋನ್ ಮಾಡಬೇಕು ಅಂದ್ಕೊಂಡೆ, ಮಾಡ್ಲಿಲ್ಲ. ರೈಫಲ್ ಬಿದ್ದಿದ್ದು ನನಗೆ ಗೊತ್ತಿರ್ಲಿಲ್ಲ.' 'ನೀವು ಕೈಗೆ ತೊಗೊಂಡಾಗ ಹೇಳಬೇಕಿತ್ತು,' ಅಂದ. 'ಹೌದು, ಹೇಳಬೇಕಿತ್ತು,' ಅಂದಳು. ಸಮಾಧಾನಕ್ಕೂ ಇನ್ನೊಂದು ಮಾತು ಸೇರಿಸಲಿಲ್ಲ. ಅವನಿಗೆ ಅವಳು ಬೈಯಲಿ ಅನ್ನಿಸಿತು. ಬೈದಿದ್ದರೆ ಏನಾದರೂ ಎದುರು ಹೇಳಬಹುದಿತ್ತು.

ಟ್ರಕ್ಕು ವಾಪಸು ಬಂತು. ಚಂದ್ರಮೋಹನ ಇಳಿದು ಇಬ್ಬರ ಮುಖ ನೋಡಿ, 'ಏನಾಯ್ತು?' ಅಂದ. ಜಯತೀರ್ಥ ಅವನ ಎದುರು ಹೋಗಿ ನಿಂತ. ಈ ಮಾತು ಹೀಗೆ ಆಡಬೇಕಾಗುತ್ತದೆ ಎಂದು ಅವನು ಎಂದೂ ಎಣಿಸಿರಲಿಲ್ಲ, ಆದರೆ ಎದುರು ನಿಂತಾಗ ಒಳಗೆ ಹಳೆಯ ಉರಿ ಮತ್ತೆ ಎದ್ದಿತು, ತಪ್ಪೊಪ್ಪಿಗೆಯೇ ಕೊನೆಯ ಏಟಾಗುತ್ತದೆಂಬ ಆಸೆ ಎದ್ದಿತು. ಇವನಿಗೆ ಗೊತ್ತಾಗಲಿ, ತಾನು ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವನಷ್ಟೇ ಅಲ್ಲವೆಂದು. 'ಚಂದ್ರಮೋಹನ, ಲೀಲಾ ಅವರ ಗುರಿ ತಪ್ಪಿಲ್ಲ. ರೈಫಲ್ ನಾನು ಕೆಡಿಸಿದ್ದೆ. ಬೇಕಂತಲೇ. ಝೀರೋ ಮಾಡಿ ಆದಮ್ಯಾಲೆ ಹದಿನಾರು ಕ್ಲಿಕ್ ಬಲಕ್ಕ ತಿರುವಿದೆ. ನೀ ಹೊಡೀತಿ ಅಂತ. ನೀ ನನ್ನ ಹಂಗ ಕೂಡಬೇಕು ಅಂತ.'

ಚಂದ್ರಮೋಹನ ಬಾಯಿ ಅರ್ಧ ತೆರೆದು ನೋಡಿದ. ಜಯತೀರ್ಥ ಕಾದ. ಆ ದೊಡ್ಡ ಮುಖದಲ್ಲಿ ಸಿಟ್ಟು ಏರುವುದನ್ನು, ಮುಷ್ಟಿ ಬಿಗಿಯುವುದನ್ನು, ಹಂಬಲದಿಂದ ಕಾದ. ಚಂದ್ರಮೋಹನನ ಕಣ್ಣು ತೇವವಾಯಿತು. 'ಆಚಾರ್ರೇ,' ಅಂದ, ಮುಂದೆ ಬಂದು ಎರಡೂ ತೋಳು ಹಿಡಿದುಕೊಂಡ, 'ಇವಳ ಮರ್ಯಾದೆ ಉಳಿಸೋಕೆ ಇಷ್ಟು ದೊಡ್ಡ ಸುಳ್ಳು ಹೇಳ್ತೀರಲ್ರೀ!' 'ಸುಳ್ಳಲ್ಲ. ಖರೇನ ಮಾಡೇನಿ.' 'ಬಿಡಿ ಬಿಡಿ. ನೀವಾ? ಇರುವೆ ಬಂದ್ರೆ ಕಾಲು ಎತ್ತಿಡೋ ಮನುಷ್ಯ. ನಿಮ್ಮ ಕೈಲಿ ಇಂಥದೆಲ್ಲ ಆಗತ್ತಾ? ಮೂವತ್ತು ವರ್ಷದಿಂದ ನೋಡ್ತಿದೀನಿ.' ನಕ್ಕ, ಕಣ್ಣೊರೆಸಿಕೊಂಡು ಮತ್ತೆ ನಕ್ಕ. 'ನಿನ್ನ ಹಳೇ ರೈಫಲ್ ಬಿದ್ದಿತ್ತು, ಗೊತ್ತಿದ್ದೂ ನನಗ ಕೊಟ್ಟಿ,' ಜಯತೀರ್ಥನ ದನಿ ಏರಿತು. 'ಅದಾ? ಏನೋ ಸ್ವಲ್ಪ ಬಿದ್ದಿತ್ತಪ್ಪ, ಮರೆತೇಹೋಯ್ತು ಹೇಳೋಕೆ. ಅದನ್ನೂ ನೆಪ ಮಾಡ್ಕೊಂಡ್ರಾ! ಲೀಲಾ, ಕೇಳಿದ್ಯಾ?' ಲೀಲಾವತಿ ಮಡಿಸಿದ ಕಾಗದವನ್ನು ಗಂಡನ ಕೈಗೆ ಕೊಟ್ಟಳು. ಅವನು ಬಿಚ್ಚಿ, ಕನ್ನಡಕ ಹಣೆಗೇರಿಸಿ ನೋಡಿದ. ಮುಖ ಅರಳಿತು. 'ಮೂರೂ ಒಂದೇ ಕಡೆ! ಈಗ ಹೊಡೆದದ್ದಾ? ಏನು ಕೈ ಕಣೇ ನಿಂದು!' ಕಾಗದವನ್ನು ಟ್ರಕ್ಕಿನ ಮೇಲಿಟ್ಟು ಫೋನಿನಲ್ಲಿ ಫೋಟೋ ತೆಗೆದ. ಜಯತೀರ್ಥ ಲೀಲಾವತಿಯ ಕಡೆ ನೋಡಿದ. ಅವಳು ಗಂಡನಿಗೆ ತಿಳಿಸಿ ಹೇಳಲಿಲ್ಲ. 'ಈ ಕಥೆ ನಾನು ಕಾಪೆಲ್‌ನಲ್ಲಿ ಹೇಳಲೇಬೇಕು,' ಚಂದ್ರಮೋಹನ ಟೈಪು ಮಾಡುತ್ತ ಅಂದ, 'ಸ್ನೇಹ ಅಂದ್ರೆ ಏನು ಅಂತ ಆ ಹುಡುಗ್ರಿಗೆ ಗೊತ್ತಾಗ್ಲಿ.'

ಸಾಮಾನು ಕಟ್ಟಿದರು. ಡಲ್ಲಾಸಿನ ದಾರಿ ದೂರ, ಕತ್ತಲಾಗುವ ಮುಂಚೆ ಅರ್ಧ ದಾರಿ ಸವೆಸಬೇಕು ಎಂದು ಚಂದ್ರಮೋಹನ ಅವಸರ ಮಾಡಿದ. ಹೊರಡುವಾಗ ಜಯತೀರ್ಥನನ್ನು ಎದೆಗವುಚಿಕೊಂಡ, ಜಾಕೆಟ್ಟಿನಲ್ಲಿ ಹೊಗೆ, ಬೆವರು, ಅಂಗಡಿಯ ಮಾಂಸದ ವಾಸನೆ. ಲೀಲಾವತಿ ಟ್ರಕ್ಕು ಹತ್ತಿ ಬಾಗಿಲು ಹಾಕಿಕೊಂಡಳು. ಚಂದ್ರಮೋಹನ ಹಿಂದೆ ಹಗ್ಗ ಬಿಗಿಯುತ್ತಿದ್ದಾಗ ಗಾಜು ಇಳಿಸಿದಳು. ಜಯತೀರ್ಥ ಹತ್ತಿರ ಹೋದ. ಅವಳು ಎದುರಿನ ದಾರಿಯನ್ನು ನೋಡುತ್ತಿದ್ದವಳು ತಿರುಗಿ, ಅವನ ಮುಖವನ್ನು, ಅಲ್ಲಿ ಏನಿದೆಯೋ ಅದನ್ನೆಲ್ಲ ಒಂದೊಂದಾಗಿ ಗುರುತಿಸುವವಳ ಹಾಗೆ ನೋಡಿದಳು.

'ಅವರು ನಂಬಲಿಲ್ಲ ಜಯತೀರ್ಥ ಅವರೇ,' ಅಂದಳು. 'ನಾನು ನಂಬಿದೀನಿ.'